ಏಳೂವರೆ ನಿಮಿಷದ ಗುಡ್ಡ

ಪ್ರಯೋಗಾಲಯದ ಯಂತ್ರದೊಳಗೆ ಪಂಪು ಟಕ್ ಟಕ್ ಎನ್ನುತ್ತಿದೆ, ಅಲ್ಲ, ಎರಡನೆಯ ಟಕ್ಕಿನಲ್ಲಿ ಕೂದಲೆಳೆಯಷ್ಟು ಸೋಮಾರಿತನ, ಒಳಗೆಲ್ಲೋ ಒಂದು ಗಾಳಿಗುಳ್ಳೆ, ಸಾಸಿವೆಯ ಹತ್ತರಲ್ಲೊಂದು ಪಾಲು ಇದ್ದೀತು, ಬೇರೆಯವರಾಗಿದ್ದರೆ ಯಂತ್ರ ಬಿಚ್ಚಿ ಮೂರು ದಿನ ಹುಡುಕುತ್ತಿದ್ದರು, ಅವನಿಗೆ ಕಿವಿಯೊಂದೇ ಸಾಕು, ನನ್ನ ಮಾತೊಂದನ್ನು ಬಿಟ್ಟು ಭೂಮಿ ಮೇಲಿನ ಸದ್ದೆಲ್ಲ ಕೇಳಿಸುತ್ತೆ ಇವರಿಗೆ ಎಂದು ಹೆಂಡತಿ ಊರೆಲ್ಲ ಸಾರಿಕೊಂಡು ಬಂದ ಕಿವಿ — ಸೂಜಿ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ, ಸ್ಯಾಂಪಲನ್ನು ಕೈಯಿಂದಲೇ ಯಂತ್ರಕ್ಕೆ ಚುಚ್ಚುತ್ತಿದ್ದ ಕಾಲದಲ್ಲಿ ಇಪ್ಪತ್ತು ಮೈಕ್ರೋಲೀಟರ್ ಅಂದರೆ ಇಪ್ಪತ್ತೇ, ಭೂಕಂಪವಾದರೂ ಇಪ್ಪತ್ತೇ, ನೆಲ ನಡುಗಿ ಕಪಾಟಿನ ಗಾಜಿನ ಸಾಮಾನೆಲ್ಲ ಪುಡಿಯಾದ ದಿನವೂ ಅವನ ಸೂಜಿ ಅಲುಗಲಿಲ್ಲ, ಆ ದಿನ ಭೂಕಂಪವಾಗಿರಲಿಲ್ಲ, ಲಾರಿಯೊಂದು ಹಿಂದಿನ ಗೋಡೆಗೆ ಗುದ್ದಿತ್ತು, ಒಡೆದದ್ದು ಎರಡು ಬೀಕರು, ಆದರೂ. ಶಾಂಪೂ, ಟೂತ್‌ಪೇಸ್ಟು, ಪಾತ್ರೆ ತೊಳೆಯುವ ದ್ರವ, ಕೂಸಿನ ಮೈಗೆ ಹಚ್ಚುವ ಎಣ್ಣೆ, ಇಪ್ಪತ್ತಾರು ವರ್ಷದಿಂದ ಎಲ್ಲವೂ ಈ ಪರದೆಯ ಮೇಲೆ ಗೆರೆಯಾಗಿ ಹಾದು ಅವನ ರುಜು ಪಡೆದೇ ಅಂಗಡಿಗೆ ಹೋದದ್ದು, ಅರ್ಧ ದೇಶ ಅವನ ಅಪ್ಪಣೆಯಿಲ್ಲದೆ ಸ್ನಾನವನ್ನೇ ಮಾಡಿಲ್ಲ, ಲೆಕ್ಕ ಹಾಕಿದರೆ ಮುಕ್ಕಾಲು ದೇಶ — ಒಂದು ನಿಮಿಷ ಹತ್ತು ಸೆಕೆಂಡು. ಗೆರೆ ನೆಟ್ಟಗೆ ಹರಿಯುತ್ತಿದೆ, ಸಾಧುಪ್ರಾಣಿಯ ಹಾಗೆ.

ಒಟ್ಟು ಹನ್ನೆರಡು ನಿಮಿಷದ ಓಟ, ಈ ಕೈಗೆ ಹಚ್ಚುವ ಕ್ರೀಮಿನೊಳಗಿನ ಒಂದೊಂದು ವಸ್ತುವೂ ತನ್ನ ನಿಮಿಷಕ್ಕೆ ಸರಿಯಾಗಿ ಹೊರಬಂದು ಗೆರೆಯನ್ನು ಗುಡ್ಡದ ಹಾಗೆ ಎತ್ತಿ ಇಳಿಸಿ ಹೋಗುತ್ತದೆ, ಗುಡ್ಡ ಎಷ್ಟು ದೊಡ್ಡದೋ ವಸ್ತು ಅಷ್ಟು ಹೆಚ್ಚು, ಇಷ್ಟೇ ಅವನ ವಿದ್ಯೆಯೆಲ್ಲ. ಏಳೂವರೆಗೆ ಬರುವವನೊಬ್ಬನಿದ್ದಾನೆ, ಕ್ರೀಮು ಕೆಡದಿರಲೆಂದು ಹಾಕಿದ ವಸ್ತು ಹೊಸ ಸುಗಂಧದ ಜೊತೆ ಸೇರಿ ಬಿಸಿಗೆ ಒಡೆದು ಹುಟ್ಟುವವನು, ಚರ್ಮ ತಿನ್ನುವವನು, ಹತ್ತು ಲಕ್ಷ ಪಾಲಿನಲ್ಲಿ ಹತ್ತು ಪಾಲು ದಾಟಬಾರದು, ದಾಟಿದರೆ ಕ್ರೀಮು ಹೊರಗೆ ಹೋಗಬಾರದು. ಸ್ಯಾಂಪಲಿನ ಹೆಸರು ಎಂಬ ಚೌಕದಲ್ಲಿ ಟ್ರಯಲ್ ಎಂದು ಹೊಡೆದಿದ್ದಾನೆ, ಟ್ರಯಲ್ ಅಂದರೆ ಯಾರೂ ಕೇಳದ ಓಟ, ಫಲಿತಾಂಶ ಚೆನ್ನಾಗಿ ಬಂದರೆ ಆಮೇಲೆ ಹೆಸರಿಡಬಹುದು, ಕೆಟ್ಟರೆ ಯಂತ್ರ ಬಿಸಿಯಾಗಲಿ ಅಂತ ಓಡಿಸಿದ್ದೆ ಎಂದು ಕೈತೊಳೆದುಕೊಳ್ಳಬಹುದು, ಹೆಸರಿದೆಯಲ್ಲ ಅದಕ್ಕೆ, ಇಡಲು ಅವನಿಗೆ ಧೈರ್ಯವಿಲ್ಲ ಅಷ್ಟೆ, ಅತ್ತಿಗೆ. ಅತ್ತಿಗೆಯ ಕ್ರೀಮು. ಮೂರು ನಿಮಿಷ. ಮೊದಲ ಗುಡ್ಡ ಬಂತು, ಅದು ಸುಗಂಧ, ನಿರಪರಾಧಿ. ಅತ್ತಿಗೆ ಮನೆಗೆ ಬಂದಾಗ ಅವನಿಗೆ ಒಂಬತ್ತು ವರ್ಷ, ಅಮ್ಮ ಹೋಗಿ ಆರು ತಿಂಗಳಾಗಿತ್ತು, ಮಗ್ಗಿ ಬಾಯಿಪಾಠ ಮಾಡಿಸಿದ್ದು ಅವಳು, ಮೊದಲ ಸಲ ಅವನ ಕೂದಲು ಕತ್ತರಿಸಿದ್ದೂ ಅವಳೇ, ಅವನ ತಲೆಯ ಮೇಲೆ ಕಲಿತದ್ದರಿಂದಲೇ ಅವಳಿಗೆ ಆ ಕಸುಬು ಬಂತು, ಎರಡು ಕುರ್ಚಿಯ ಅಂಗಡಿ ಇಟ್ಟಳು, ಹೆಂಗಸರು ಸಾಲು ನಿಲ್ಲುತ್ತಿದ್ದರು, ಒಂದು ಕಾಲದಲ್ಲಿ ಆ ಸಾಲು ರಸ್ತೆ ದಾಟಿ ಮೂರು ಬೀದಿ ಸುತ್ತಿ ವಾಪಸ್ ಅವಳ ಬಾಗಿಲಿಗೇ ಬರುತ್ತಿತ್ತು — ನಾಲ್ಕು ಜನ ಇರುತ್ತಿದ್ದರು, ನಾಲ್ಕು ಜನ ಸಾಕಲ್ಲ. ಅವನು ಕಂಪನಿಯಿಂದ ಪೆಟ್ಟಿಗೆಗಟ್ಟಲೆ ತಂದು ಅಲ್ಲಿ ಪೇರಿಸುತ್ತಿದ್ದ, ಅವಳು ಬಂದವರಿಗೆಲ್ಲ ತೋರಿಸುತ್ತಿದ್ದಳು, ನಮ್ಮ ಮೈದುನ ಮಾಡಿರೋದು, ಕಂಪನಿ ನಡಿಯೋದೇ ಅವನ ಕೈಯಲ್ಲಿ, ಅವನು ಆ ಕಡೆ ತಿರುಗಿ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದ, ಎದೆ ಅಂಗಿಯ ಗುಂಡಿ ಹಾರುವಷ್ಟು ಉಬ್ಬಿರುತ್ತಿತ್ತು.

ಹೋದ ಭಾನುವಾರ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅವಳ ಬೆರಳ ಸಂದಿಗಳು ಕೆಂಪಗೆ, ಗೆಣ್ಣುಗಳ ಮೇಲೆ ಬಿರುಕು, ಹೆಬ್ಬೆರಳು ಬಾತು ಕತ್ತರಿಯ ಉಂಗುರದೊಳಗೆ ಹೋಗುತ್ತಿಲ್ಲ, ಒಂದು ತಿಂಗಳಿಂದ ಯಾರ ತಲೆಯನ್ನೂ ಮುಟ್ಟಿಲ್ಲವಂತೆ, ಕುರ್ಚಿ ಮಾರಿಬಿಡೋಣ ಅಂತಿದೀನಿ ಎಂದಳು, ಸಾವಿರ ತಲೆ ಕಂಡ ಕೈ. ವಯಸ್ಸಾಯ್ತಲ್ಲಪ್ಪಾ, ದಿನವಿಡೀ ನೀರಲ್ಲಿ ಕೆಲಸ, ನಿನ್ನ ಕ್ರೀಮು ಹಚ್ಚಿದ್ರೆ ಜೀವ ಹೋಗೋ ಹಾಗೆ ಉರಿಯುತ್ತೆ, ಉರಿದ್ರೆ ತಾನೇ ಕೆಲಸ ಮಾಡ್ತಿದೆ ಅಂತ — ಹೀಗೆನ್ನುತ್ತಲೇ ಖಾಲಿ ಟ್ಯೂಬನ್ನು ಮೇಜಿನ ಮೇಲಿಟ್ಟು, ಕತ್ತರಿಯನ್ನು ಎಡಗೈಯ ಮುಷ್ಟಿಯಲ್ಲಿ ಹಿಡಿದು, ಉದ್ದಕ್ಕೆ ಸೀಳಿದಳು, ಮೀನು ಸೀಳಿದ ಹಾಗೆ ತೆರೆದು, ಒಳಗೋಡೆಗೆ ಅಂಟಿದ್ದನ್ನು ತೋರುಬೆರಳಲ್ಲಿ ಬಳಿದು, ಬಿರುಕಿನೊಳಕ್ಕೆ ತಿಕ್ಕಿಕೊಂಡಳು, ಒಂದು ಚೂರೂ ದಂಡವಾಗಬಾರದಲ್ಲ, ಮೈದುನ ಮಾಡಿದ್ದು. ಆ ಟ್ಯೂಬು ಕೊಡಿ ಅತ್ತಿಗೆ ಎಂದ. ಖಾಲಿ ಇದನ್ಯಾಕೆ ತಗೊಂಡು ಹೋಗ್ತೀಯಾ, ನಂಗೆ ಕಪಾಟಲ್ಲಿ ಕೊನೇದೊಂದಿದೆ, ಮುಂದಿನ ಸಲ ಬರ್ತಾ ಎರಡು ತಂದುಬಿಡು. ಹೂಂ ಎಂದ. ಸೀಳಿದ ಟ್ಯೂಬನ್ನು ಜೇಬಿಗಿಳಿಸಿದ. ಹಚ್ಚಬೇಡಿ ಎನ್ನಲಿಲ್ಲ, ಹೂಂ ಎಂದ, ಯಾಕೆ ಹಚ್ಚಬಾರದು ಎಂದು ಅವಳು ಕೇಳಿದ್ದರೆ ಉತ್ತರ ಹೇಳಬೇಕಾಗುತ್ತಿತ್ತು, ಪರೀಕ್ಷೆ ಮಾಡದೆ ಹೇಗೆ ಹೇಳುವುದು, ವಿಜ್ಞಾನಿ ತಾನೇ ಅವನು, ಆರು ದಿನ ವಿಜ್ಞಾನಿಯಾಗಿಯೇ ಇದ್ದ.

ಐದು ನಿಮಿಷ ಇಪ್ಪತ್ತು. ಯಾರೂ ಹೇಳಿರಲಿಲ್ಲ, ಅದೇ ಕಷ್ಟ, ಯಾರಾದರೂ ಹೆದರಿಸಿದ್ದರೆ, ಕೆಲಸದಿಂದ ತೆಗೆಯುತ್ತೇನೆ ಎಂದಿದ್ದರೆ, ಈಗ ಅವರ ಮೇಲೆ ಹಾಕಿ ಹಾಯಾಗಿರಬಹುದಿತ್ತು. ಎರಡು ವರ್ಷದ ಹಿಂದೆ ಇದೇ ಕುರ್ಚಿ, ಬಿಸಿ ಕೋಣೆಯಲ್ಲಿ ಮೂರು ತಿಂಗಳಿಟ್ಟ ಕ್ರೀಮು, ಏಳೂವರೆಗೆ ಗುಡ್ಡ, ಯಂತ್ರ ಹದಿನಾಲ್ಕು ಎಂದಿತು. ಕ್ರೀಮು ಅಂಗಡಿಗೆ ಬಿಡುಗಡೆಯಾಗಲು ಹನ್ನೊಂದು ದಿನ. ಕಂಪನಿಯ ನಿರ್ದೇಶಕ ಬೆನ್ನ ಹಿಂದೆ ನಿಂತು ನಯವಾಗಿ, ಇನ್ನೊಂದ್ಸಲ ನೋಡಿ ಸೂಜಿ, ಯಂತ್ರಕ್ಕೇನು ಗೊತ್ತು, ನಿಮ್ಮ ಕಣ್ಣಿಗೆ ತಪ್ಪಿಸಿಕೊಂಡು ಹೋಗೋ ಗುಡ್ಡ ಇನ್ನೂ ಹುಟ್ಟಿಲ್ಲ, ಅಷ್ಟೇ, ಅಷ್ಟಕ್ಕೇ ಅವನು ಬೆಣ್ಣೆಯಾಗಿಬಿಟ್ಟ. ಗುಡ್ಡದ ಬುಡದಲ್ಲಿ ಯಂತ್ರ ತಾನೇ ಬೇಸ್‌ಲೈನ್ ಎಂಬ ಒಂದು ಗೆರೆ ಎಳೆಯುತ್ತದೆ, ಅದರ ಮೇಲಿದ್ದದ್ದಷ್ಟೇ ಲೆಕ್ಕಕ್ಕೆ, ಬೇಕಾದರೆ ಆ ಗೆರೆಯನ್ನು ಕೈಯಿಂದ ಎತ್ತಿಡಲು ಅನುಮತಿಯಿದೆ, ಗಲಿಬಿಲಿಯ ಗೆರೆಗಳಿಗೆಂದು ಕೊಟ್ಟ ಅನುಮತಿ, ಅವನು ಮೌಸು ಹಿಡಿದು ಕೂದಲೆಳೆಯಷ್ಟು, ನಿಜವಾಗಿಯೂ ಕೂದಲೆಳೆಯಷ್ಟೇ, ಎತ್ತಿದ, ಬುಡ ಹೋಯಿತು, ತಲೆ ಉಳಿಯಿತು, ಒಂಬತ್ತು ಪಾಯಿಂಟ್ ಎರಡು. ಕಾರಣ ಬರೆಯಿರಿ ಎಂದು ಯಂತ್ರ ಕೇಳಿತು. ಬೇಸ್‌ಲೈನ್ ಸರಿಪಡಿಸಲಾಗಿದೆ. ಎಂಥ ಅಚ್ಚುಕಟ್ಟು ಕೆಲಸ, ಬ್ರಹ್ಮನೂ ಹುಡುಕಿ ತೆಗೆಯಲಾರ, ಆ ಸಂಜೆ ಊಟದ ಮೇಜಿನಲ್ಲಿ ನಿರ್ದೇಶಕ ಅವನ ಬೆನ್ನು ತಟ್ಟಿದ್ದು ಇಡೀ ಕಟ್ಟಡಕ್ಕೆ ಕೇಳಿಸಿತು, ಅವನು ನಕ್ಕ, ಎರಡು ಸಲ ಬಡಿಸಿಕೊಂಡ — ಉದ್ದಕ್ಕೆ ಸೀಳಿದ ಟ್ಯೂಬು, ಎಡಗೈ ಮುಷ್ಟಿಯಲ್ಲಿ ಕತ್ತರಿ.

ಏಳು ನಿಮಿಷ. ಬಾಗಿಲು ಸದ್ದಾಯಿತು, ಕಡತದ ಮೇಡಂ, ಪ್ರಯೋಗಾಲಯದ ಪ್ರತಿ ಕಾಗದವನ್ನೂ ಮೂಸಿ ನೋಡುವವಳು, ಶನಿವಾರ ಮಧ್ಯಾಹ್ನ ವಾರದ ಓಟಗಳ ಪಟ್ಟಿ ಮುಚ್ಚಿ ಮನೆಗೆ ಹೋಗುವ ಆತುರ ಅವಳಿಗೆ, ಇನ್ನೂ ಇದೀರಾ ಸರ್ ಎಂದು ಪಕ್ಕದಲ್ಲೇ ನಿಂತಳು. ಏಳು ಇಪ್ಪತ್ತೈದು, ಏಳು ಇಪ್ಪತ್ತೆಂಟು, ಗೆರೆ ಬಗ್ಗಿತು, ತಲೆಯೆತ್ತಿತು, ಎತ್ತುತ್ತಲೇ ಹೋಯಿತು, ಪಕ್ಕದ ಗುಡ್ಡವನ್ನು ಹೆಗಲಿಂದ ಒತ್ತಿ ಮೇಲಕ್ಕೆ, ಯಂತ್ರ ತಾನಾಗಿ ಬುಡಕ್ಕೆ ಗೆರೆ ಎಳೆದು ಮೂವತ್ತೊಂದು ಎಂದು ಬರೆಯಿತು. ಈ ಸಲ ಉತ್ಪ್ರೇಕ್ಷೆ ಅವನದಲ್ಲ. ಬಲಗೈ ಆಗಲೇ ಮೌಸಿನ ಮೇಲಿದೆ, ಯಾವಾಗ ಹೋಯಿತೋ, ಅದಕ್ಕೆ ದಾರಿ ಗೊತ್ತು. ಟ್ರಯಲ್ ತಾನೇ ಸರ್, ಅಳಿಸಿಬಿಡ್ಲಾ, ಪಟ್ಟಿ ಮುಚ್ಚಬೇಕು. ಎಷ್ಟು ಸುಲಭ, ಅವಳೇ ಅಳಿಸುತ್ತಾಳೆ, ಅವನು ಹೂಂ ಎಂದರೆ ಸಾಕು, ಹೂಂ ಎನ್ನುವುದು ಅವನಿಗೆ ಚೆನ್ನಾಗಿ ಬರುತ್ತದೆ. ಬೇಡ ಎಂದ. ಇದು ನಮ್ಮ ಅತ್ತಿಗೆ ಕ್ರೀಮು. ಎರಡು ವರ್ಷದ ಹಿಂದಿನ ನನ್ನ ಫೈಲು ತೆಗೀರಿ, ಬುಡದ ಗೆರೆ ಎತ್ತಿದ್ದು ನಾನೇ, ಹದಿನಾಲ್ಕಿತ್ತು. ಒಂದಕ್ಷರಕ್ಕೂ ಬಣ್ಣ ಹಚ್ಚಲಾಗಲಿಲ್ಲ, ಇಡೀ ಜೀವನದಲ್ಲಿ ಅವನಾಡಿದ ಅತಿ ಚಿಕ್ಕ ಮಾತು. ಅವಳು ಕುರ್ಚಿ ಎಳೆದು ಕೂತಳು, ಪರದೆ ನೋಡಿದಳು, ಅವನನ್ನಲ್ಲ, ಬೈಯುತ್ತಾಳೆಂದು ಕಾದ, ಬೈದಿದ್ದರೆ ಒಳ್ಳೆಯದಿತ್ತು, ಅವಳು ಕೇಳಿದ್ದು ಒಂದೇ, ಅವ್ರು ಈಗ್ಲೂ ಹಚ್ತಿದಾರಾ ಸರ್.

ಫೋನು ತೆಗೆದ, ಬೆರಳು ಎರಡು ಸಲ ತಪ್ಪಿತು, ಭೂಕಂಪಕ್ಕೂ ಅಲುಗದ ಬೆರಳು, ಆ ಕಡೆ ರಿಂಗಾಗುತ್ತಿದೆ, ಅತ್ತಿಗೆ ಎತ್ತುತ್ತಿಲ್ಲ, ಮಧ್ಯಾಹ್ನ ಅಂಗಡಿ ಬಿಟ್ಟು ಎಲ್ಲೂ ಹೋಗುವವಳಲ್ಲ, ಫೋನು ಕನ್ನಡಿಯ ಕೆಳಗೇ ಇರುತ್ತದೆ, ಕೈ ಸಾಬೂನಿನಲ್ಲಿದ್ದರೂ ಮೊಣಕೈಯಿಂದ ಒತ್ತಿ ಏನಪ್ಪಾ ಎನ್ನುವವಳು, ಕಪಾಟಿನಲ್ಲಿ ಕೊನೆಯದೊಂದಿತ್ತು, ಆರು ದಿನ, ಖಾಲಿಯಾಗಿರಬೇಕು, ರಿಂಗಾಗುತ್ತಿದೆ, ಎತ್ತಲಾರಳು, ಎರಡೂ ಕೈ ಜಿಡ್ಡು, ಎಡಗೈ ಮುಷ್ಟಿಯಲ್ಲಿ ಕತ್ತರಿ, ಉದ್ದಕ್ಕೆ ಸೀಳಿದ ಟ್ಯೂಬು, ಬೆರಳು, ಒಳಗೋಡೆಗೆ ಅಂಟಿದ್ದು, ಬಳಿದು, ಬಿರುಕಿನೊಳಕ್ಕೆ, ಒಂದು ಚೂರೂ ದಂಡವಾಗದ ಹಾಗೆ —