ಕತ್ತಲಲ್ಲಿ ಹಿಡಿದ ಕೈ

ನಾರಾಯಣಖೇಡದ ಹೊರಗಿನ ಹೆಣ್ಣುಮಕ್ಕಳ ವಸತಿ ಶಾಲೆಗೆ ಸರಿತಾ ಬಂದು ಹೆಚ್ಚು ದಿನವಾಗಿರಲಿಲ್ಲ. ರಾತ್ರಿಯಾದರೆ ಸಿರ್ಗಾಪುರದ ಮನೆ ನೆನೆದು ದಿಂಬು ಒದ್ದೆ ಮಾಡಿಕೊಳ್ಳುತ್ತಿದ್ದಳು. ಪಕ್ಕದ ಮಂಚದ ಬಾಲಮಣಿಯ ಜೊತೆಗೂ ಮಾತು ಅಷ್ಟಕ್ಕಷ್ಟೆ. ಇನ್ನು ಗಣಿತದ ಮಾಲತೀಬಾಯಿ ಟೀಚರ್ ಎದುರಿಗೆ ಬಂದರಂತೂ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದಳು.

ಆ ಚಳಿಯ ರಾತ್ರಿ ಅವಳನ್ನು ಎಬ್ಬಿಸಿದ್ದು ಸೀಟಿಯ ಸದ್ದು. ವಾಚ್‌ಮನ್ ಮಾಣಿಕ "ಪದಂಡಿ, ಪದಂಡಿ!" ಎಂದು ಹೊರಡಲು ತೆಲುಗಿನಲ್ಲಿ ಕೂಗುತ್ತ ಕಿಟಕಿ ಬಡಿಯುತ್ತಿದ್ದ. ಕೋಣೆಯ ತುಂಬ ಏನೋ ಕೆಟ್ಟ ವಾಸನೆ.

"ಅಡಗಿಮನ್ಯಾಗ ಗ್ಯಾಸ್ ಸೋರಾಕತ್ತದ! ಯಾರೂ ಲೈಟ್ ಹಚ್ಚಬ್ಯಾಡ್ರಿ!" ಬಾಗಿಲಲ್ಲಿ ವಾರ್ಡನ್ ಪ್ರೇಮಲಾ ಮೇಡಂ ದನಿ. "ಬಾಜೂಕಿನಾಕಿ ಕೈ ಹಿಡ್ಕೊಂಡು ಹೊರಗ ನಡೀರಿ. ಕೈ ಬಿಡಬ್ಯಾಡ್ರಿ!"

ಸರಿತಾ ಕತ್ತಲಲ್ಲಿ ತಡಕಾಡಿದಳು. ಒಂದು ಕೈ ಸಿಕ್ಕಿತು. ಗಟ್ಟಿಯಾಗಿ ಹಿಡಿದಳು. ಅದು ಒಳಗಡೆಗೇ ಜಗ್ಗತೊಡಗಿತು.

"ಬಾರೇ ಬಾಲಮಣಿ, ನಿದ್ದಿಗಣ್ಣಾಗ ಸಾಯ್ತಿ ಏನು!" ಎಂದವಳೇ ಎಳೆದುಕೊಂಡು ಓಡಿದಳು. ಮೆಟ್ಟಿಲು ಇಳಿದು, ಗೇಟು ದಾಟಿ, ರಸ್ತೆಯಾಚೆಯ ಕಡಲೆ ಹೊಲದ ಕಡೆಗೆ.

"ಏ... ತಡೀ... ನನ್ನ ಚಪ್ಲಿ..." ಹಿಂದಿನಿಂದ ಏದುಸಿರು.

"ಚಪ್ಲಿ ಮಣ್ಣಾಗ ಹೋಗ್ಲಿ, ಓಡು!"

ಹೊಲದಲ್ಲಿ ನಿಂತು ತಿರುಗಿ ನೋಡಿದರೆ ಬೆಳದಿಂಗಳಲ್ಲಿ ಕೂದಲು ಕೆದರಿಕೊಂಡು, ನೈಟಿಯ ಮೇಲೆ ಸ್ವೆಟರ್ ತೊಟ್ಟು, ಒಂದೇ ಚಪ್ಪಲಿಯಲ್ಲಿ ಮಾಲತೀಬಾಯಿ ಟೀಚರ್! ಮಲಗಿದವರನ್ನು ಎಬ್ಬಿಸಲು ಒಳಗೆ ಬಂದಿದ್ದರು ಪಾಪ. ಸರಿತಾಳಿಗೆ ಅಂಟಿಕೊಳ್ಳಲು ಇಲ್ಲಿ ಗೋಡೆಯೂ ಇರಲಿಲ್ಲ. ಬೆರಳುಗಳು ಮಾತ್ರ ಬಿಡಲೊಲ್ಲವು.

"ಕೈ ಬಿಡವಾ ಇನ್ನ. ಮುರೀತದ."

"ಮೇಡಮ್ಮಾರು ಬಿಡಬ್ಯಾಡಂತ ಹೇಳ್ಯಾರ್ರಿ ಟೀಚರ್."

ಕಂಬಳಿ ಹೊದ್ದು ನಿಂತಿದ್ದ ಬಾಲಮಣಿ ಕಿಸಕ್ಕೆಂದಳು. ಟೀಚರ್ ಮುಖ ಗಂಟಿಕ್ಕಲು ನೋಡಿದರು, ಆಗಲಿಲ್ಲ. ತಮ್ಮ ಬರಿಗಾಲು ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕರು. ಅಷ್ಟು ಸಾಕಾಯಿತು. ನಗೆ ಹುಡುಗಿಯರ ಸಾಲಿನುದ್ದಕ್ಕೂ ಹಬ್ಬಿತು.

ಅಷ್ಟರಲ್ಲಿ ಕೋಲು, ಬ್ಯಾಟರಿ ಹಿಡಿದು ಹೊಲದ ಯಜಮಾನ ಅಂಜಪ್ಪ ಓಡಿಬಂದ. ಕಂಬಳಿ ಹೊದ್ದ ಹಿಂಡು ನೋಡಿ ದಂಗಾಗಿ ನಿಂತ.

"ಕಡ್ಲಿಗಿ ಹಂದಿ ಬಿದ್ದಾವಂತ ಬಂದ್ನಲ್ಲೋ!"

"ಹಂದಿ ಅಲ್ರಿ ಕಾಕಾ, ನಾವ್ರಿ!"

ಮತ್ತೆ ನಗೆ. ಸಂಗತಿ ತಿಳಿದ ಅಂಜಪ್ಪ ಕೋಲು ಕೆಳಗಿಟ್ಟ. "ಬಂದೀರಲ್ಲ, ತಿನ್ರವಾ. ಕಾಯಿ ಎಳಸು ಅದಾವ."

ಹಸಿಗಡಲೆ ಸುಲಿದು ತಿನ್ನುತ್ತ ಬಾಲಮಣಿ ಕೇಳಿದಳು, "ಟೀಚರ್ ಕೈ ಹಿಡದು ನಾನಂತ ತಿಳ್ಕೊಂಡಿ? ನಾ ಅಷ್ಟು ದಪ್ಪ ಇದ್ದೀನೇನು?" ಸರಿತಾಳ ಬಾಯೊಳಗಿನ ಕಡಲೆ ಹೊರಗೆ ಹಾರಿತು.

ಮಾಣಿಕ ಕರೆತಂದ ಮೆಕ್ಯಾನಿಕ್ ಸಿಲಿಂಡರ್ ಬಂದ್ ಮಾಡಿ, ವಾಸನೆಯೆಲ್ಲ ಹೋದಮೇಲೆ ಹುಡುಗಿಯರು ಒಳಗೆ ಹೋದರು. ಯಾರಿಗೂ ಏನೂ ಆಗಿರಲಿಲ್ಲ, ಆದರೆ ಯಾರೂ ಮಲಗಲಿಲ್ಲ.

ಬೆಳಿಗ್ಗೆ ವಾರ್ಡನ್ ಫೋನಿನಿಂದ ಸರಿತಾ ತಾಯಿ ಜಗದೇವಿಗೆ ಸುದ್ದಿ ಹೇಳಲು ಹೊರಟಳು. ಟೀಚರ್ ಚಪ್ಪಲಿಯ ಕತೆಯವರೆಗೆ ಬರುವಷ್ಟರಲ್ಲಿ ನಗು ಒತ್ತರಿಸಿ ಉಸಿರು ಸಿಕ್ಕಿಕೊಂಡಿತು.

"ಯಾಕವಾ, ಅಳಾಕತ್ತೀ? ಅಪ್ಪಗ ಕಳಸ್ಲೇನು ಕರ್ಕೊಂಡು ಬರಾಕ?"

"ಇಲ್ಲವ್ವಾ... ಬ್ಯಾಡ... ತಡೀ..." ಎನ್ನುತ್ತ ಫೋನನ್ನು ಬಾಲಮಣಿಯ ಕೈಗೆ ತುರುಕಿದಳು. ಅವಳಿಗೂ ಮುಂದೆ ಹೇಳಲು ಆಗಲಿಲ್ಲ.