ಅರ್ಧ ಬೆರಳು ದಪ್ಪ

ಅಂಟುಪಟ್ಟಿಗೆ ಸಿಕ್ಕಿಕೊಂಡಿದ್ದ ಕೂದಲು, ದಾರದ ಎಳೆ, ಧೂಳಿನ ಉಂಡೆಗಳನ್ನು ಅವಳು ಗುಂಡುಸೂಜಿಯ ಮೊನೆಯಿಂದ ಒಂದೊಂದಾಗಿ ಕಿತ್ತು ಎಡಗೈಯಲ್ಲಿ ಗುಡ್ಡೆ ಹಾಕಿಕೊಳ್ಳುತ್ತಿದ್ದಳು. ಮಗಳ ಕಾಲಿಗೆ ತೊಡಿಸುವ ಎರಡು ಪ್ಲಾಸ್ಟಿಕ್ ಕವಚಗಳು ಅಡುಗೆಮನೆಯ ನೆಲದ ಮೇಲೆ, ನಾಲ್ಕು ಮಡಿಕೆ ಮಾಡಿದ ಹಳೆಯ ಟವೆಲಿನಲ್ಲಿದ್ದವು. ಪಟ್ಟಿ ಬಿಚ್ಚಿದರೆ ಪರ್ರೆಂದು ಸದ್ದಾಗುತ್ತದೆ. ಅದಕ್ಕೇ ಕವಚವನ್ನು ಟವೆಲಿನೊಳಗೆ ಸುತ್ತಿಕೊಂಡು, ಕಳ್ಳಿಯ ಹಾಗೆ ಇಷ್ಟಿಷ್ಟೇ ಎಳೆಯುತ್ತಿದ್ದಳು. ಒದ್ದೆ ಬಟ್ಟೆಯಿಂದ ಒಳಮೈ ಒರೆಸುವಾಗ ಹಿಮ್ಮಡಿ ಕೂರುವ ಜಾಗದಲ್ಲಿ ಅವಳ ಹೆಬ್ಬೆರಳು ಸ್ವಲ್ಪ ಹೊತ್ತು ನಿಂತಿತು. ಒತ್ತಿದಳು. ಒಳಪದರದ ಬಟ್ಟೆಯ ಕೆಳಗಿದ್ದ ಮೆತ್ತೆ ಕಾಗದದಷ್ಟು ತೆಳ್ಳಗಾಯಿತು. ಸಮಾಧಾನದಿಂದ ಬೆರಳು ತೆಗೆದಳು.

ಒಳಗಿನ ಕೋಣೆಯಲ್ಲಿ ಗಂಡ ಮಲಗಿದ್ದ. ಅವನದು ರಾತ್ರಿ ಪಾಳಿ, ನೋಟುಪುಸ್ತಕದ ಕಾರ್ಖಾನೆಯಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ. ಮಗಳು ಇನ್ನೂ ಹೊಟ್ಟೆಯಲ್ಲಿದ್ದಾಗ, ಪಕ್ಕದ ಯಂತ್ರದವನೊಬ್ಬ ರೆಪ್ಪೆ ಅಂಟಿದ ಒಂದು ಗಳಿಗೆಯಲ್ಲಿ ಮೂರು ಬೆರಳು ಕಳೆದುಕೊಂಡಿದ್ದ. ಆ ಬೆರಳುಗಳನ್ನು ಕಾಗದದ ಚೂರುಗಳ ನಡುವಿನಿಂದ ಹುಡುಕಿ ತೆಗೆದವನು ಇವಳ ಗಂಡ. ಅಂದಿನಿಂದ ಆ ಮನೆಯಲ್ಲಿ ಹಗಲಿನ ನಿದ್ದೆಗೆ ಮನೆಯ ಹಿರಿಯರಿಗಿಲ್ಲದ ಮರ್ಯಾದೆ. ಬಾಗಿಲ ಗಂಟೆಯ ತಂತಿ ಕತ್ತರಿಸಿದ್ದರು. ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿದ್ದರು, ನೀರು ಸಹ ಬಟ್ಟೆ ಹಿಡಿದುಕೊಂಡು ಇಳಿಯಬೇಕಿತ್ತು. ಮಾತೆಲ್ಲ ಪಿಸುಮಾತು.

ಮಗಳು ನಡೆಯಲು ಕಲಿತದ್ದು ಆ ಮೌನದಲ್ಲಿ, ಮತ್ತು ತುದಿಗಾಲಲ್ಲಿ. ಮೊದಮೊದಲು ಅದೊಂದು ಸಂಭ್ರಮವೇ ಆಗಿತ್ತು. "ನನ್ನ ಮೊಮ್ಮಗಳು ಮೈಮೇಲೆ ನಡೆದು ಹೋದ್ರೂ ಇರುವೆಗೆ ಗೊತ್ತಾಗಲ್ಲ" ಎಂದು ಅತ್ತೆ ಹೇಳಿಕೊಂಡು ತಿರುಗಿದ್ದರು. ಬೆಕ್ಕಿನಮರಿ ಎಂದು ಹೆಸರಿಟ್ಟಿದ್ದೂ ಅವರೇ. ಶಾಲೆಗೆ ಹಾಕಿದ ಮೇಲೆ ಟೀಚರು, "ಇವಳ ಹಿಮ್ಮಡಿ ನೆಲ ಮುಟ್ಟಿದ್ದು ನಾನಂತೂ ನೋಡಿಲ್ಲ" ಎಂದು ಹೇಳಿ ಕಳಿಸಿದರು. ಡಾಕ್ಟರು ನರಗಳನ್ನೆಲ್ಲ ಪರೀಕ್ಷೆ ಮಾಡಿದರು. ಅಲ್ಲೇನೂ ತೊಂದರೆಯಿಲ್ಲ, ಆದರೆ ಮೀನಖಂಡವೂ ಹಿಮ್ಮಡಿಯ ಮೇಲಿನ ನರದಂಥ ಹುರಿಯೂ ಗಿಡ್ಡವಾಗಿಬಿಟ್ಟಿವೆ ಎಂದರು. "ಮನೇಲಿ ಮೆಲ್ಲಗೆ ನಡಿ ಅಂತ ಹೇಳಿದ್ದಕ್ಕೇ ಹೀಗಾಯ್ತಾ ಡಾಕ್ಟ್ರೇ?" ಎಂದು ಅವಳು ಕೇಳಿದ್ದಳು. "ಕೆಲವು ಮಕ್ಕಳು ಹೀಗೇ ನಡೀತಾರೆ, ಕಾರಣ ನಮಗೂ ಗೊತ್ತಿಲ್ಲ" ಎಂದಿದ್ದರು ಅವರು. ಅವಳಿಗೆ ಆ ಉತ್ತರ ಬೈಗುಳಕ್ಕಿಂತ ಕಷ್ಟವಾಯಿತು.

ಎರಡು ವರ್ಷದಲ್ಲಿ ಎರಡು ಸಲ ಪ್ಲಾಸ್ಟರ್ ಹಾಕಿದರು. ವಾರ ವಾರ ಬಿಚ್ಚಿ, ಪಾದವನ್ನು ಇನ್ನಷ್ಟು ಮೇಲಕ್ಕೆ ಮಡಚಿ ಮತ್ತೆ ಹಾಕುವ ಪ್ಲಾಸ್ಟರ್. ಮೊದಲ ಸಲ ಇಳಿದ ಹಿಮ್ಮಡಿ ಆರು ತಿಂಗಳಲ್ಲಿ ಮತ್ತೆ ಎದ್ದಿತು. ಎರಡನೇ ಸಲ ಬಿಚ್ಚಿದಾಗ ಈ ಕವಚ ಕೊಟ್ಟರು. ಸ್ನಾನದ ಹೊತ್ತು ಬಿಟ್ಟು ಇಡೀ ದಿನ ಕಾಲಲ್ಲಿರಬೇಕು, ಮೂರು ತಿಂಗಳು. ವ್ಯಾಯಾಮ ಕಲಿಸುವ ಮೇಡಂ ಬೆರಳೆತ್ತಿ ಹೇಳಿದ್ದರು, "ಹಿಮ್ಮಡಿ ತಳಕ್ಕೆ ಕೂತಿರಬೇಕು. ಮಧ್ಯ ಕೂದಲೆಳೆ ಹೋಗೋಷ್ಟೂ ಸಂದಿ ಇರಬಾರದು. ಮೂರು ತಿಂಗಳಾದ ಮೇಲೆ ಅಳೆದು ನೋಡ್ತೀವಿ. ಆಗಲೂ ಸರಿಹೋಗದಿದ್ರೆ ಆ ಹುರಿ ಕುಯ್ದು ಉದ್ದ ಮಾಡೋದೇ ದಾರಿ."

ಇವತ್ತು ಆ ಮೂರು ತಿಂಗಳು ತುಂಬಿದ ದಿನ.

ಹೊಸದಾಗಿ ಕವಚ ತೊಟ್ಟಾಗ ಬೆಕ್ಕಿನಮರಿ ಕುದುರೆಮರಿಯಾಗಿದ್ದಳು. ಟಕ್ ಟಕ್ ಎಂದು ಮನೆಯ ತುಂಬ ಓಡಾಟ. ತಳಕ್ಕೆ ರಬ್ಬರು ಅಂಟಿಸಿದರೆ, ಹಿಮ್ಮಡಿಯನ್ನು ಕವಚದೊಳಗೇ ಎತ್ತಿ ಕುಕ್ಕುವುದನ್ನು ಕಲಿತಳು. ಕೂತಲ್ಲಿಂದಲೇ ಟೊಪ್ ಟೊಪ್. ಗಂಡ ಮೊದಲ ವಾರ ತಲೆಯ ಮೇಲೆ ದಿಂಬು ಒತ್ತಿಕೊಂಡ. ಎರಡನೇ ವಾರ ಕೆಂಪು ಕಣ್ಣು ಬಿಟ್ಟುಕೊಂಡು ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. "ನಿನ್ನೆ ಯಂತ್ರ ನನ್ನ ಕೈಗವಸು ಎಳ್ಕೊಂಡು ಹೋಯ್ತು" ಎಂದ. "ಕೈಗವಸು ಮಾತ್ರ. ಏನಾದ್ರೂ ಮಾಡು ಮಾರಾಯ್ತಿ, ಆ ಸದ್ದು ನಿಲ್ಲಿಸು. ಹೇಗೆ ಅಂತ ನನ್ನ ಕೇಳ್ಬೇಡ."

ಅವಳು ಕೆಲಸ ಮಾಡುತ್ತಿದ್ದುದು ಸೋಫಾದ ಮೆತ್ತೆ ಹೊಲಿಯುವ ಅಂಗಡಿಯಲ್ಲಿ. ಅಲ್ಲಿನ ಮೇಸ್ತ್ರಿ ಸ್ಪಂಜನ್ನು ಕೈಯಲ್ಲಿ ಮುಟ್ಟಿ ನೋಡುವವನಲ್ಲ. ನೆಲಕ್ಕೆ ಹಾಕಿ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದ. "ಕೈಗೆ ಸುಳ್ಳು ಹೇಳುತ್ತೆ, ಕಾಲಿಗೆ ಹೇಳಲ್ಲ. ನಾವು ಮಾರೋದು ಗಿರಾಕಿಯ ಅಂಡಿಗೆ ಕಣಮ್ಮ, ಕಣ್ಣಿಗಲ್ಲ" ಎನ್ನುತ್ತಿದ್ದ. ಅವಳೂ ಹಾಗೇ ಪರೀಕ್ಷೆ ಮಾಡಿದಳು. ಚೂರುಗಳ ಮೂಟೆಯಿಂದ ಅರ್ಧ ಬೆರಳು ದಪ್ಪದ ತುಂಡೊಂದನ್ನು ಆರಿಸಿ, ಅದರ ಮೇಲೆ ತನ್ನ ಹಿಮ್ಮಡಿ ಊರಿ ನಿಂತಳು. ನೆಲಕ್ಕೆ ನೆಲವಾಯಿತು, ಇದ್ದದ್ದೇ ತಿಳಿಯಲಿಲ್ಲ. ಇಷ್ಟರಿಂದ ಏನಾದೀತು ಎಂದುಕೊಂಡಳು. ಅದನ್ನೇ ಹಿಮ್ಮಡಿಯ ಆಕಾರಕ್ಕೆ ಎರಡಾಗಿ ಕತ್ತರಿಸಿ, ಎರಡೂ ಕವಚದ ಒಳಪದರದ ಕೆಳಗೆ ಅಂಟಿಸಿ, ಅಂಚನ್ನು ಕಣ್ಣಿಗೆ ಬೀಳದ ಹಾಗೆ ಮುಚ್ಚಿದಳು. ಮಗಳು ಎದುರಿಗೇ ಕೂತು ನೋಡುತ್ತಿದ್ದಳು. "ಯಾರಿಗೂ ಹೇಳ್ಬೇಡ ಆಯ್ತಾ" ಎಂದಳು. ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ.

ಅಂದಿನಿಂದ ಮನೆ ಮತ್ತೆ ತಣ್ಣಗಾಯಿತು. ಗಂಡ ಗೊರಕೆ ಹೊಡೆದ. ಹೇಗೆ ಎಂದು ಅವನೂ ಕೇಳಲಿಲ್ಲ. ಕೇಳಿದವರು ಅತ್ತೆ ಒಬ್ಬರೇ. ಶಾಲೆಯಿಂದ ಬಂದ ಮಗುವನ್ನು ಮಧ್ಯಾಹ್ನವೆಲ್ಲ ನೋಡಿಕೊಳ್ಳುತ್ತಿದ್ದವರು ಅವರು. ಗೋಡೆಗೆ ಕೈ ಕೊಟ್ಟು ನಿಲ್ಲಿಸಿ ಮೂವತ್ತು ಎಣಿಸಿ ಮೀನಖಂಡ ಎಳೆಯುವ ವ್ಯಾಯಾಮವನ್ನು ಒಂದು ದಿನವೂ ತಪ್ಪಿಸಿದವರಲ್ಲ. ಕಣ್ಣು ಮಂಜಾಗಿದ್ದರೂ ಅವರ ಬೆರಳು ಚುರುಕು. "ಇದರೊಳಗೆ ಏನೋ ಮೆತ್ತಗಿದೆಯಲ್ಲೇ?" ಎಂದಿದ್ದರು.

"ಡಾಕ್ಟ್ರೇ ಹೇಳಿದ್ದು ಅತ್ತೆ."

"ಹೌದಾ. ಹಾಗಾದ್ರೆ ಸರಿ. ನನಗೇನು ಗೊತ್ತು, ನಾನು ಹಳೇ ಕಾಲದ ಗಾಡಿ" ಎಂದು ನಕ್ಕಿದ್ದರು.

ಇವತ್ತು ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತೆ ನೀರಿನ ಬಾಟಲಿ, ಮೊಮ್ಮಗಳ ಚಪ್ಪಲಿಯ ಚೀಲ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. ಮಗುವಿನ ಜೊತೆ ಒಳಕ್ಕೆ ಇಬ್ಬರನ್ನೇ ಬಿಡುತ್ತಿದ್ದರು. ಗಂಡ ಮೂರು ಗಂಟೆಯೂ ಮಲಗಿರಲಿಲ್ಲ, ಗೋಡೆಗೆ ಒರಗಿ ನಿಂತೇ ತೂಕಡಿಸುತ್ತಿದ್ದ. ಮೇಡಂ ಮಗುವನ್ನು ಎತ್ತರದ ಮಂಚದ ಮೇಲೆ ಮಲಗಿಸಿ, ಮೊಣಕಾಲು ನೆಟ್ಟಗೆ ಮಾಡಿ, ಪಾದವನ್ನು ಮೇಲಕ್ಕೆ ಒತ್ತಿ, ಕೋನ ಅಳೆಯುವ ಎರಡು ತೋಳಿನ ಪಟ್ಟಿ ಹಿಡಿದರು. ಒಂದು ಸಲ ಅಳೆದರು. ಮತ್ತೊಂದು ಸಲ ಅಳೆದರು. ಆಮೇಲೆ ಇನ್ನೊಂದು ಕಾಲಿಗೆ ಹೋದರು.

"ಪ್ಲಾಸ್ಟರ್ ಬಿಚ್ಚಿದ ದಿನ ಪಾದ ನೇರಕ್ಕೆ ಬಂದು, ಅದರ ಮೇಲೂ ಐದು ಡಿಗ್ರಿ ಮಡಚ್ತಾ ಇತ್ತು" ಎಂದರು. "ಈಗ ನೇರಕ್ಕೇ ಬರ್ತಿಲ್ಲ. ಹನ್ನೆರಡು ಡಿಗ್ರಿ ಕಡಿಮೆ. ಎರಡೂ ಕಾಲು."

ಗಂಡನ ನಿದ್ದೆ ಹಾರಿತು. "ದಿನಾ ಹಾಕ್ತಿದೀವಲ್ಲ ಮೇಡಂ."

"ಹಾಕ್ತಿದೀರ. ಪಟ್ಟಿ ಸವೆದಿರೋದು ನೋಡಿದ್ರೇ ಗೊತ್ತಾಗುತ್ತೆ. ಅದೇ ನನಗೆ ಅರ್ಥವಾಗದೇ ಇರೋದು." ಅವರು ಕವಚವನ್ನು ಮಗುವಿನ ಕಾಲಿಗೆ ತೊಡಿಸಿ, ನೆಲದ ಮೇಲೆ ನಿಲ್ಲಿಸಿ, ಬಗ್ಗಿ ಸಣ್ಣ ಟಾರ್ಚು ಬಿಟ್ಟು ನೋಡಿದರು. ಹಿಮ್ಮಡಿಯ ಪಕ್ಕದಲ್ಲಿ ಒಂದು ಬೆರಳು ತೂರಿಸಿದರು. ಸುಮ್ಮನೆ ಎದ್ದು ಮೇಜಿನ ಹತ್ತಿರ ಹೋಗಿ ಚಿಮುಟ ತಂದರು. ಕವಚ ಬಿಚ್ಚಿ ಒಳಪದರದ ಅಂಚು ಎತ್ತಿ ಎಳೆದಾಗ ಅರ್ಧಚಂದ್ರದಂಥ ಹಳದಿ ತುಂಡು ಚಿಮುಟದ ತುದಿಗೆ ಬಂತು. ಎರಡೂವರೆ ತಿಂಗಳು ಒಂದು ಮಗು ನಡೆದಾಡಿದ ಮೇಲೂ ಅದು ಅರ್ಧ ಬೆರಳು ದಪ್ಪವೇ ಇತ್ತು.

ಅವಳು ಅದನ್ನೇ ನೋಡಿದಳು. ಬೆಳಿಗ್ಗೆ ಅದನ್ನು ಒತ್ತಿದ್ದು ತನ್ನ ಹೆಬ್ಬೆರಳು. ಅಂದು ಅದರ ಮೇಲೆ ನಿಂತದ್ದು ತನ್ನ ಐವತ್ತೆಂಟು ಕಿಲೋ. ಮಗಳದು ಹದಿನಾರು. ಸ್ಪಂಜು ಯಾರ ತೂಕಕ್ಕೆ ಎಷ್ಟು ಕುಗ್ಗುತ್ತದೆಂದು ದಿನಕ್ಕೆ ಹತ್ತು ಸಲ ಗಿರಾಕಿಗಳಿಗೆ ಹೇಳುವವಳು ಅವಳೇ. ಮಕ್ಕಳ ಮಂಚಕ್ಕೆ ಬೇರೆ ಮೆತ್ತೆ ಬೇಕು, ಇದು ಅವರಿಗೆ ಹಲಗೆಯಿದ್ದ ಹಾಗೆ ಎಂದು ಹೇಳುವವಳೂ ಅವಳೇ.

"ಇದ್ಯಾರು ಇಟ್ಟಿದ್ದು?" ಮೇಡಂ ಬೈಯುವ ದನಿಯಲ್ಲಿ ಕೇಳಲಿಲ್ಲ. "ಮೂರು ತಿಂಗಳು ಹಿಮ್ಮಡಿ ಗಾಳೀಲಿ ನಿಂತಿದೆ. ಹೈ ಹೀಲ್ಡ್ ಚಪ್ಪಲಿ ಹಾಕಿಸಿ ನಡೆಸಿದ ಹಾಗಾಯ್ತು. ಹಗಲು ಮಗು ಜೊತೆ ಯಾರಿರ್ತಾರೆ?"

ಗಂಡ ಆ ತುಂಡನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಆ ಹಳದಿ ಸ್ಪಂಜು ಯಾವ ಅಂಗಡಿಯದೆಂದು ಅವನಿಗೆ ತಿಳಿಯದ್ದಲ್ಲ, ಅವನ ದಿಂಬಿನೊಳಗೂ ಅದೇ ಇತ್ತು. ಸದ್ದು ನಿಲ್ಲಿಸು ಎಂದದ್ದೂ ಅವನ ಬಾಯೇ.

"ನಮ್ಮಮ್ಮ ಇರ್ತಾರೆ" ಎಂದ. "ವಯಸ್ಸಾಗಿದೆ ಮೇಡಂ. ಮಗು ಅತ್ತರೆ ತಡೆಯಲ್ಲ. ಎಷ್ಟು ಹೇಳಿದ್ರೂ ತಲೆಗೆ ಹೋಗಲ್ಲ."

ಮೇಡಂ ಅವಳ ಕಡೆ ತಿರುಗಿದರು. ಅವಳು ಆಡಬೇಕಿದ್ದದ್ದು ಒಂದು ಮಾತು, ಬರೀ ಒಂದು ಮಾತು. ಮಗಳು ಮಂಚದ ಕಂಬಿ ಹಿಡಿದು ಅಮ್ಮನ ಮುಖವನ್ನೇ ನೋಡುತ್ತಿದ್ದಳು, ತುಟಿ ಬಿಗಿಯಾಗಿ ಮುಚ್ಚಿದ್ದಳು. ಹೇಳಬೇಡ ಎಂದದ್ದನ್ನು ಮಗು ಪಾಲಿಸುತ್ತಿತ್ತು.

"ಅಜ್ಜಿಯರ ಪ್ರೀತಿ" ಎಂದು ಮೇಡಂ ನಿಟ್ಟುಸಿರಿಟ್ಟು ಚೀಟಿ ಬರೆದರು. "ಡಾಕ್ಟರ ಹತ್ತಿರ ಹೋಗಿ, ತಾರೀಕು ಕೊಡ್ತಾರೆ. ಎರಡು ಕಾಲಿಗೂ ಒಂದೇ ದಿನ ಮಾಡ್ತಾರೆ."

ತಾರೀಕು ಹನ್ನೊಂದು ದಿನದ ಆಚೆಗೆ ಸಿಕ್ಕಿತು. ಅಲ್ಲಿಯವರೆಗೆ ಕವಚ ಬೇಡವೆಂದರು. ಬಸ್ಸಿನಲ್ಲಿ ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಕೂತಿದ್ದರೂ ಭುಜ ತಾಗದ ಹಾಗೆ ಕೂತಿದ್ದರು. ಆಡದಿದ್ದ ಮಾತೊಂದು ಇಬ್ಬರ ನಡುವೆ ಮೂರನೆಯವರ ಹಾಗೆ ಜಾಗ ಹಿಡಿದಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ ಮೊಮ್ಮಗಳಿಗೆ ಕಿಟಕಿಯಾಚೆಯ ಅಂಗಡಿಗಳನ್ನು ತೋರಿಸುತ್ತ, "ಎಷ್ಟು ಡಿಗ್ರಿ ಬಂತಂತೆ? ಯಾರಾದ್ರೂ ಹೇಳಬಾರದಾ" ಎಂದು ಎರಡು ಸಲ ಕೇಳಿದರು.

ಹೇಳಿದ್ದು ಮನೆಗೆ ಬಂದ ಮೇಲೆ. ಹೇಳಿದವನು ಗಂಡ. ಆರು ವರ್ಷದಿಂದ ಯಾರೂ ದನಿ ಎತ್ತದ ಮನೆಯಲ್ಲಿ ಅವನು ದನಿ ಎತ್ತಿದ. ಸುಳ್ಳಿಗೆ ಗಂಟಲು ದೊಡ್ಡದು ಬೇಕಾಗುತ್ತದೇನೋ. "ಅಮ್ಮ, ನಿನಗೆ ಅಷ್ಟೂ ತಿಳಿಯಲ್ವಾ? ಅಳ್ತಾಳೆ ಅಂತ ಕವಚದಲ್ಲಿ ಸ್ಪಂಜು ತುರುಕೋದಾ? ಈಗ ಮಗುವಿನ ಕಾಲು ಕುಯ್ಯಬೇಕಂತೆ. ಎರಡೂ ಕಾಲು."

ಅತ್ತೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಾನಾ?" ಎಂದರು.

ಆಮೇಲೆ ಸೊಸೆಯ ಕಡೆ ನೋಡಿದರು. ಕನ್ನಡಕವಿಲ್ಲದ ಆ ಕಣ್ಣಿಗೆ ಸೊಸೆಯ ಮುಖ ಸರಿಯಾಗಿ ಕಾಣಿಸುವಂತಿರಲಿಲ್ಲ. ಆದರೂ ನೋಡಿದರು, ಅಂಗಡಿಯ ಮುಂದೆ ಚಿಲ್ಲರೆಗಾಗಿ ಕಾದು ನಿಂತವರ ಹಾಗೆ, ಆತುರವಿಲ್ಲದೆ. ಅವಳು ತಟ್ಟೆಗಳನ್ನು ತೊಳೆಯುತ್ತಿದ್ದಳು. ಬಟ್ಟೆ ಕಟ್ಟಿದ ನಲ್ಲಿಯಿಂದ ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ತೊಳೆದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದರು ಅತ್ತೆ, ಯಾರಿಗೂ ಅಲ್ಲ ಎನ್ನುವ ಹಾಗೆ. "ಬರೆ ತಡ್ಕೋಬಹುದು. ಎಮ್ಮೆ ಚರ್ಮ ನಂದು. ನನ್ನ ಮಗನೇ ಕಬ್ಬಿಣ ಕಾಯಿಸ್ತಾನೆ ಅಂದ್ಕೊಂಡಿರಲಿಲ್ಲ."

"ಏನಂದೆ?"

"ಏನಿಲ್ಲ. ಮಲ್ಕೋ ಹೋಗು. ರಾತ್ರಿ ಯಂತ್ರದ ಮುಂದೆ ನಿಲ್ಲೋನು ನೀನು."

ಅವನು ಹೋಗಿ ಮಲಗಿದ. ಅತ್ತೆ ಎರಡು ದಿನ ಇದ್ದರು. ಮಗುವಿಗೆ ತಲೆ ಬಾಚಿದರು, ತುತ್ತು ಕೊಟ್ಟರು. ಕಾಲು ಮಾತ್ರ ಮುಟ್ಟಲಿಲ್ಲ. ಮೂವತ್ತು ಎಣಿಸುವ ಹೊತ್ತಿಗೆ ಮಗು ತಾನೇ ಹೋಗಿ ಗೋಡೆಗೆ ಕೈ ಕೊಟ್ಟು ನಿಂತರೆ, "ಬೇಡ ಕಂದ, ನಾನು ಮುಟ್ಟಿದ್ರೆ ಕೆಟ್ಟು ಹೋಗುತ್ತಂತೆ" ಎಂದು ಜಾಗ ಬದಲಿಸಿ ಕೂತರು. ಸೊಸೆ ಅಡುಗೆಮನೆಯಿಂದ ಕೇಳಿಸಿಕೊಂಡಳು. ಎರಡು ಸಲ ಅವರ ಕೋಣೆಯ ಬಾಗಿಲವರೆಗೆ ಹೋದಳು. ಒಂದು ಸಲ ಊಟಕ್ಕೆ ಬನ್ನಿ ಎಂದಳು. ಇನ್ನೊಂದು ಸಲ, ಹೊದಿಕೆ ಬೇಕಾ ಎಂದಳು.

ಮೂರನೆಯ ದಿನ ಮಧ್ಯಾಹ್ನ ಅತ್ತೆ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಗಿನ ಬಾಗಿಲಿಗೆ ಬಂದರು. ತಮ್ಮ ಮಗಳ ಮನೆಗೆ ಎಂದರು. ಎಷ್ಟು ದಿನಕ್ಕೆ ಎಂದು ಹೇಳಲಿಲ್ಲ. ಚೀಲ ತುಂಬುತ್ತಿದ್ದುದನ್ನು ಮುನ್ನಾದಿನವೇ ನೋಡಿದ್ದ ಸೊಸೆ ನಾಳೆಯಿಂದ ಅಂಗಡಿಗೆ ಬರಲಾಗುವುದಿಲ್ಲವೆಂದು ಮೇಸ್ತ್ರಿಗೆ ಬೆಳಿಗ್ಗೆಯೇ ಹೇಳಿ ಬಂದಿದ್ದಳು. ಮೇಸ್ತ್ರಿ, "ಅತ್ತೆ ಇದಾರಲ್ಲಮ್ಮ?" ಎಂದಾಗ ತನ್ನ ಕತ್ತರಿಯನ್ನು ಮೇಜಿನ ಮೇಲಿಟ್ಟು ಹೊರಟಿದ್ದಳು.

ಅತ್ತೆ ಚಪ್ಪಲಿ ಮೆಟ್ಟಿಕೊಂಡರು. ಒಂದು ಕಾಲಿನ ಪಟ್ಟಿ ಸರಿಯಾಗಿ ಕೂರದೆ ಬಗ್ಗಿ ಸರಿಮಾಡಿಕೊಂಡರು, ಆಮೇಲೆ ಆಗಲೇ ಸರಿಯಾಗಿದ್ದ ಇನ್ನೊಂದನ್ನೂ. ಮಾತಾಡಲು ಸೊಸೆಗೆ ಅಷ್ಟು ಹೊತ್ತು ಸಿಕ್ಕಿತು. ಸೊಸೆ ಬಾಗಿಲ ಚಿಲಕದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಒಳಗಿನ ಕೋಣೆಯಲ್ಲಿ ಗೊರಕೆ ಇರಲಿಲ್ಲ. ಮಂಚ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು.

ಮಗು ಬರಿಗಾಲಲ್ಲಿ ಓಡಿ ಬಂದು ಅಮ್ಮನ ತೋಳು ಹಿಡಿದು ಜಗ್ಗಿತು. ಹಿಮ್ಮಡಿಗಳು ನೆಲದಿಂದ ಎದ್ದು ನಿಂತಿದ್ದವು.

"ಅಮ್ಮ, ಅಜ್ಜಿಗೆ ಹೋಗ್ಬೇಡ ಅಂತ ಹೇಳು."

ಅತ್ತೆ ಹೊಸಿಲ ಆಚೆ ಒಂದು ಕಾಲಿಟ್ಟು, ಇನ್ನೊಂದು ಕಾಲು ಎತ್ತದೆ ಹಾಗೇ ನಿಂತರು.