ತಲೆಕೆಳಗಾದ ಆನೆ

ನಾನು ಒಂದು ಆನೆ. ಕಾಡಿನದಲ್ಲ, ಚದುರಂಗದ ಪಟದ ಮೂಲೆಯದು. ಚನ್ನಪಟ್ಟಣದ ಕುಶಲಕರ್ಮಿಯೊಬ್ಬನು ಮರದ ತುಂಡನ್ನು ಕಡೆದು, ಹಳದಿ ಅರಗು ಹಚ್ಚಿ, ನನಗೆ ರೂಪ ಕೊಟ್ಟನು.

ಅಲ್ಲಿಂದ ನಾನು ಬಂದು ಸೇರಿದ್ದು ದಾವಣಗೆರೆಯ ಒಂದು ವಾಚನಾಲಯಕ್ಕೆ. ಹತ್ತಿ ಗಿರಣಿಯಿಂದ ನಿವೃತ್ತರಾದ ರುದ್ರಮುನಿಯವರೂ ಸೈಕಲ್ ಅಂಗಡಿಯ ಬುಡೇನ್ ಸಾಬರೂ ಪ್ರತಿ ಸಂಜೆ ನಮ್ಮನ್ನು ಕಾಳಗಕ್ಕಿಳಿಸುತ್ತಿದ್ದರು. ಕಾಲಾಳು ಕೊನೆಯ ಮನೆ ಮುಟ್ಟಿದರೆ ಮಂತ್ರಿಯಾಗಬೇಕಷ್ಟೆ? ಪೆಟ್ಟಿಗೆಯಲ್ಲಿ ಹೆಚ್ಚಿನ ಮಂತ್ರಿಯಿರಲಿಲ್ಲ. ಆಗ, ಸತ್ತು ಹೊರಬಿದ್ದ ನನ್ನನ್ನೆತ್ತಿ ತಲೆಕೆಳಗಾಗಿ ನಿಲ್ಲಿಸಿ ಮಂತ್ರಿಯೆನ್ನುವುದು ಅವರ ವಾಡಿಕೆ.

"ಏನ್ ರುದ್ರಣ್ಣ, ನಿಮ್ಮ ಮಂತ್ರಿ ಶೀರ್ಷಾಸನ ಹಾಕ್ಯಾನಲ್ಲ!" ಎಂದು ಬುಡೇನ್ ಸಾಬರು ಕೆಣಕುವರು.

"ನಿನ್ನ ರಾಜಂಗೆ ಬೆವರು ಬಿಡಿಸ್ತಾನೆ, ನೋಡ್ತಿರು" ಎಂದು ಇವರು.

ಕ್ರಮೇಣ ರುದ್ರಮುನಿಯವರ ಕಣ್ಣಿನ ಬೆಳಕು ಆರತೊಡಗಿತು. ಮುಂದಿನ ವರ್ಷಕ್ಕೆ ಪಟ ಕಾಣಲಿಕ್ಕಿಲ್ಲವೆಂದರು ವೈದ್ಯರು. ಕಣ್ಣಿರುವಾಗಲೇ ಒಮ್ಮೆ ಜಿಲ್ಲಾ ತಂಡದಲ್ಲಿ ಕೂರಬೇಕೆಂಬುದೊಂದೇ ಅವರ ಹಂಬಲ. ಆ ಸಲದ ಆಯ್ಕೆ ಪಂದ್ಯಾವಳಿ ನಮ್ಮ ವಾಚನಾಲಯದಲ್ಲೇ ನಡೆಯಿತು. ತಂಡದಲ್ಲಿ ಉಳಿದಿದ್ದ ಒಂದೇ ಸ್ಥಾನಕ್ಕೆ ಕೊನೆಯ ಆಟ. ಎದುರಾಳಿ ಬುಡೇನ್ ಸಾಬರೇ.

ರುದ್ರಮುನಿಯವರ ಕಾಲಾಳು ಕೊನೆಯ ಮನೆ ಸೇರಿತು. ಅವರ ಕೈ ರೂಢಿಯಂತೆ ನನ್ನನ್ನು ತಲೆಕೆಳಗಾಗಿ ನಿಲ್ಲಿಸಿ, ನಡೆ ಮುಗಿಯಿತೆಂದು ಪಕ್ಕದ ಗಡಿಯಾರವನ್ನು ಒತ್ತಿತು.

ತೀರ್ಪುಗಾರರು ಬಂದು ನನ್ನನ್ನು ನೆಟ್ಟಗಿಟ್ಟರು. "ಹೇಗಿಟ್ಟರೂ ಆನೆ ಆನೆಯೇ. ಮಂತ್ರಿ ಬೇಕಿದ್ದರೆ ಗಡಿಯಾರ ನಿಲ್ಲಿಸಿ ಕೇಳಬೇಕಿತ್ತು."

"ಸ್ವಾಮಿ, ನಮ್ಮಲ್ಲಿ ಇದು ಮಂತ್ರೀನೇ. ನಾನೇ ಒಪ್ಪೀನಲ್ಲ?" ಎಂದರು ಬುಡೇನ್ ಸಾಬರು.

"ನೀವು ಒಪ್ಪಿದರೆ ನಿಯಮ ಬದಲಾಗದು."

ಮಂತ್ರಿಯಾಗಿದ್ದರೆ ಓರೆಯಾಗಿ ಸಾಗಿ ಅರಸನನ್ನು ಕಾಯುತ್ತಿದ್ದೆ. ಆನೆಗೆ ಓರೆ ನಡೆಯಿಲ್ಲ. ದೂರದ ಮೂಲೆಯಲ್ಲಿ ನನ್ನ ಅರಸನು ಒಂದೇ ಏಟಿಗೆ ಬೀಳುವಂತೆ ನಿಂತಿದ್ದನು. ನಾನು ನೋಡಬಲ್ಲೆನೇ ಹೊರತು ಹೋಗಲಾರೆ.

ಬುಡೇನ್ ಸಾಬರ ಕೈ ಆ ಏಟನ್ನು ಬಿಟ್ಟು ಬೇರೊಂದು ಕಾಯಿಯತ್ತ ಚಾಚಿತು.

"ಬುಡೇನಾ," ರುದ್ರಮುನಿಯವರು ಮೆಲ್ಲನೆಂದರು, "ಬೇಕಂತ ಸೋತ್ರೆ ನಾಳೆಯಿಂದ ನಿನ್ನ ಜೊತೆ ಆಟ ಇಲ್ಲ. ಕುರುಡ ಆಗ್ತೀನಿ, ಭಿಕ್ಷುಕ ಆಗಲ್ಲ."

ಕೈ ಗಾಳಿಯಲ್ಲೇ ನಿಂತಿತು; ಬಳಿಕ ತನ್ನ ಮಂತ್ರಿಯನ್ನೆತ್ತಿ ನನ್ನ ಅರಸನನ್ನು ಕಟ್ಟಿಹಾಕಿತು. ಗೆದ್ದವರು ತಲೆಯೆತ್ತಲಿಲ್ಲ. ಸೋತವರೇ ಮೊದಲು ಕೈ ನೀಡಿದರು.

ಬುಡೇನ್ ಸಾಬರು ಜಿಲ್ಲಾ ತಂಡಕ್ಕೆ ಹೋಗಿ ಬಂದರು. ಮರುವರ್ಷ ರುದ್ರಮುನಿಯವರ ಕಣ್ಣು ಪೂರ್ತಿ ಆರಿತು. ಆಟ ನಿಲ್ಲಲಿಲ್ಲ. ಪಟದ ಮೇಲೆಲ್ಲ ಬೆರಳಾಡಿಸಿ, ನಮ್ಮಲ್ಲಿ ಒಬ್ಬೊಬ್ಬರನ್ನೂ ಗುರುತಿಸಿ ಅವರು ನಡೆಯಿಡುತ್ತಾರೆ. ಮೊನ್ನೆ ಬುಡೇನ್ ಸಾಬರು ಸದ್ದಿಲ್ಲದೆ ತಮ್ಮ ಮಂತ್ರಿಯನ್ನು ನನ್ನ ಬಾಯಿಗಿಟ್ಟರು. ರುದ್ರಮುನಿಯವರ ಬೆರಳು ಅಲ್ಲಿಗೆ ಬಂದು ನಿಂತಿತು.

"ವಾಪಸ್ ತಗೋ. ಸರಿಯಾಗಿ ಆಡು."

ನನಗೂ ಮುಪ್ಪಾಯಿತು, ಅರಗು ಹೋಗಿ ಮರ ಕಾಣುತ್ತಿದೆ. ಗೆದ್ದ ಕೈಗಳು ನನ್ನನ್ನು ಎಷ್ಟೋ ಸಲ ಎತ್ತಿವೆ. ಸೋಲನ್ನು ಹೀಗೆ ಹೊತ್ತ ಕೈ ಇದೊಂದೇ. ಅದರಡಿಯಲ್ಲಿ ಸವೆಯುತ್ತಿದ್ದೇನೆ.